ಮಸಿಗೂಡಿಗೆ ಸುಣ್ಣ ಹೊಡೆದ ಧೊಂಡಿಬಾ

ಪುಷ್ಯದ ಚಳಿ ಬೀದರಿನಲ್ಲಿ ಮೊದಲು ಹಿಡಿಯುವುದು ಕಿವಿಯನ್ನು. ಕೋಟೆಯ ಕಡೆಯಿಂದ ಬೀಸುವ ಗಾಳಿಗೆ ಚೌಬಾರಾದ ಗುಂಡುಗೋಪುರವೂ ಮುದುಡಿದಂತೆ ಕಾಣುವ ನಸುಕಿನಲ್ಲಿ, ಅದರ ಹಿಂದಿನ ಗಲ್ಲಿಯಲ್ಲಿ ಧೊಂಡಿಬಾ ಹೊಂಡದ ಮುಂದೆ ಕುಕ್ಕರಗಾಲಲ್ಲಿ ಕೂತು ಸುಣ್ಣದ ಹರಳಿನ ಮೇಲೆ ನೀರು ಸುರಿಯುತ್ತಾನೆ. ಹರಳು ಭುಸುಗುಟ್ಟಿ, ಬಿರಿದು, ಕುದಿಯತೊಡಗುತ್ತದೆ. ಏಳುವ ಹಬೆಗೆ ಅಂಗೈ ಹಿಡಿಯುತ್ತಾನೆ.

“ಮಂದಿ ಬೆಂಕಿ ಮುಂದ ಕೂಡ್ತಾರ, ನಾ ಸುಣ್ಣದ ಮುಂದ ಕೂಡ್ತೇನಿ ನೋಡ್ರಿ. ಕಟ್ಟಿಗಿ ಬೇಕಾಗಿಲ್ಲ.”

“ಕೈ ಸುಟ್ಕೊಂಡು ಬರಬ್ಯಾಡ ಮತ್ತ, ಹಚ್ಚಾಕ ಕುಸುಬಿ ಎಣ್ಣಿ ಮುಗದದ,” ಎಂದು ಒಳಗಿನಿಂದ ಹೆಂಡತಿ ಹೀರಾಬಾಯಿಯ ಕೂಗು.

ಐವತ್ತೆಂಟರ ಧೊಂಡಿಬಾ ಔರಾದ ತಾಲೂಕಿನ ಚಿಂತಾಕಿಯಿಂದ ಅವ್ವನ ಬೆನ್ನಿಗೆ ಕಟ್ಟಿಸಿಕೊಂಡು ಬಂದ ಕೂಸು. ಹದಿನಾಲ್ಕಕ್ಕೆ ಅಪ್ಪನ ನಾರಿನ ಕುಂಚ ಕೈಗೆ ಬಂತು. ದಿನಕ್ಕೆ ಆರು ಗೋಡೆ, ಒಂದೊಂದಕ್ಕೆ ಮೂರು ಕೈ ಸುಣ್ಣ. ನಿಚ್ಚಣಿಕೆಯ ಹನ್ನೊಂದು ಮೆಟ್ಟಿಲು ಎಷ್ಟು ಸಲ ಹತ್ತಿ ಇಳಿಯುತ್ತಾನೋ ಮೊಣಕಾಲಿಗೇ ಗೊತ್ತು. ಸುಣ್ಣ ಸಿಡಿದ ಎಡಗಣ್ಣಿಗೆ ಇಪ್ಪತ್ತು ವರ್ಷದಿಂದ ಬೆಳಕು ನೆರಳಷ್ಟೇ ಕಾಣುತ್ತದೆ.

ಚೌಬಾರಾದಿಂದ ಮದರಸಾದವರೆಗಿನ ಬೀದಿಯನ್ನು ಅವನಷ್ಟು ಮುಟ್ಟಿ ನೋಡಿದವರಿಲ್ಲ. ಕತೆಗಳೂ ಗೋಡೆಗೊಂದರಂತೆ ಇವೆ. “ಮದರಸಾದ ಮಿನಾರ ಸಿಡಿಲಿಗೆ ಬಿತ್ತು ಅಂತಾರ, ಮದ್ದು ಹಾರಿ ಬಿತ್ತು ಅಂತಾರ. ಓದೋರ ಗದ್ದಲಕ್ಕ ಬಿತ್ತು ಅಂತಿದ್ದ ನಮ್ಮಪ್ಪ.” ನಗುತ್ತಾನೆ. ಬೀದಿಯ ನಡುಮಧ್ಯದ ಹಳೆಯ ಕಲ್ಲುಗೋಡೆಯ ಮಾತು ಬಂದಾಗ ನಗು ನಿಲ್ಲುತ್ತದೆ.

ಆ ಗೋಡೆಯಲ್ಲೊಂದು ದೀಪದ ಗೂಡಿದೆ. ಬಾದಶಹರ ಕಾಲದಲ್ಲಿ ದಂಡಿಗೆ ಹೋಗಿ ಮರಳದ ಗಂಡನಿಗಾಗಿ ಕುದುರೆಯವನ ಹೆಂಡತಿ ಅಲ್ಲಿ ದೀಪವಿಟ್ಟಳೆಂದು ಬೀದಿ ಹೇಳುತ್ತದೆ. ಈಗ ಪ್ರತಿ ಗುರುವಾರ, ಜುಮೇರಾತಿನ ಸಂಜೆ, ದೀಪ ಇಡುವವಳು ಎಪ್ಪತ್ತರ ಬಿಸ್ಮಿಲ್ಲಾಬೀ. ಕೂಸು ಮೊದಲ ಸಲ ಊರ ಹೊರಗೆ ಹೊರಟರೆ, ಯಾವ ಜಾತಿಯದೇ ಇರಲಿ, ಆ ಗೂಡಿನ ಮಸಿಯನ್ನು ಕೆನ್ನೆಗೆ ಹಚ್ಚಬೇಕು. ಹೋದದ್ದು ತಿರುಗಿ ಬರುತ್ತದೆಂಬ ನಂಬಿಕೆ. ಎಷ್ಟೋ ತಲೆಮಾರಿನ ಮಸಿ, ಬೆರಳು ಹೂತುಹೋಗುವಷ್ಟು ದಪ್ಪ. ಧೊಂಡಿಬಾನ ಕೆನ್ನೆಗೂ ಒಮ್ಮೆ ಹತ್ತಿದ್ದೇ.

ಕಳೆದ ನವೆಂಬರ್ ಒಂದರಂದು ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ಹಿಂದಿನ ದಿನವೇ ಬೀದಿ ಬೆಳ್ಳಗಾಗಬೇಕೆಂದು ಹುಕುಂ. ಮೇಲುಸ್ತುವಾರಿಗೆ ಕಚೇರಿಯಿಂದ ಬಂದ ಜಮಾದಾರ ವೈಜಿನಾಥ ಗೂಡನ್ನು ತೋರಿಸಿಯೇ ಹೇಳಿದ್ದ: “ಧೊಂಡ್ಯಾ, ಅದಕ್ಕ ಕುಂಚ ತಾಗಿಸಬ್ಯಾಡ. ಮುದುಕಿ ನಮ್ಮಿಬ್ಬರ ಚರ್ಮ ಸುಲೀತಾಳ.”

ಸಂಜೆಗೆ ಕೆಲಸ ಮುಗಿಯಿತು. ಧೊಂಡಿಬಾ ಹತ್ತು ಹೆಜ್ಜೆ ಹಿಂದೆ ಸರಿದು ನೋಡಿದ. ಅಂಥ ಬಿಳುಪು ಅವನ ಕೈಯಿಂದ ಹಿಂದೆಂದೂ ಬಂದಿರಲಿಲ್ಲ. ನಡುವೆ ಒಂದು ಕಪ್ಪು.

“ಯಾರೂ ಹೇಳ್ಲಿಲ್ರಿ. ನನ್ನ ಗ್ವಾಡಿ ಮ್ಯಾಲ ಕಲೆ ಉಳೀತಲ್ಲ ಅಂತ ಕಣ್ಣಿಗಿ ಚುಚ್ತು. ಮೂರು ಕೈ ಹೊಡದೆ.”

ಮರುದಿನ ಜುಮೇರಾತು. ಬಿಸ್ಮಿಲ್ಲಾಬೀ ದೀಪ ಹಿಡಿದು ಬಂದವಳು ಗೂಡಿನ ಮುಂದೆ ನಿಂತೇ ಬಿಟ್ಟಳು. ಜನ ಕೂಡಿತು. “ಯಾರ್ ಹೇಳಿದ್ರೋ ಧೊಂಡಿಬಾ?” ಎಂದಾಗ ಅವನ ಬಾಯಿಗೆ ಬಂದ ಹೆಸರು ಜಮಾದಾರನದು.

ಮೇಲಿನವರಾರೋ ಹೊಡೆಸಿದ್ದೆಂದುಕೊಂಡ ವೈಜಿನಾಥ ಆಣೆ ಮಾಡಿ ಅಲ್ಲಗಳೆದ; ತನ್ನ ಹೆಸರು ಹೇಳಿದವನಾರೆಂದು ಅವನ ಕಿವಿಗೆ ಬೀಳಲೇ ಇಲ್ಲ. ಕಚೇರಿಯವನ ಮಾತನ್ನು ನಂಬುವವರಾರು? ಹೊಸ ಸರಕಾರ ಬಂದ ದಿನವೇ ನಮ್ಮ ಮಸಿ ಒರೆಸಿತು ಎಂದು ಬೀದಿ ಮುನಿಯಿತು. ಹೋಟೆಲಿನಲ್ಲಿ ಅವನ ಮುಂದೆ ಚಹಾ ಇಡುವವರಿಲ್ಲ. ಬಿಸ್ಮಿಲ್ಲಾಬೀ ಅವನು ದಾಟಿದಾಗಲೆಲ್ಲ ನೆಲಕ್ಕೆ ಉಗುಳಿ ಶಪಿಸಿದಳು. ತಿಂಗಳೊಳಗೆ ವೈಜಿನಾಥ ಕೆಲಸ ಬಿಟ್ಟು ತನ್ನೂರು ಔರಾದಕ್ಕೆ ಹೋದ.

ಧೊಂಡಿಬಾನೂ ಊರಲ್ಲಿ ನಿಲ್ಲಲಿಲ್ಲ. ಭಾಲ್ಕಿಯಲ್ಲಿ ಗೋಡೆ ಹುಡುಕಿಕೊಂಡು ಇಪ್ಪತ್ತು ದಿನ ಇದ್ದ. “ನಿನ್ನ ಕೈಗಿ ಏನ್ ಆಗ್ಯಾದ? ಗ್ವಾಡಿ ಮ್ಯಾಲ ಎಲ್ಲಾ ಗೆರಿ ಗೆರಿ ಕಾಣ್ತಾವ,” ಎಂದು ಅಲ್ಲಿನವರು ಬೈದು ಕಳಿಸಿದರು. ಬಂದವನೇ ಬಿಸ್ಮಿಲ್ಲಾಬೀಯ ಹೊಸ್ತಿಲಲ್ಲಿ ಕೂತು ನಿಜ ಹೇಳಿದ. ಮುದುಕಿ ಬಹಳ ಹೊತ್ತು ಅಡಿಕೆ ಕತ್ತರಿಸಿದಳು.

“ಮಸಿ ಹ್ವಾದ್ರ ಹ್ವಾಯ್ತು, ದೀಪ ಇಟ್ರ ಮತ್ತ ಕೂಡ್ತದ. ಅವ್ನಿಗೆ ಕೊಟ್ಟ ಬದ್ದುವಾ ಹ್ಯಾಂಗ ವಾಪಸ್ ತಗೋಳ್ಲೋ ಬೇಶರಮ್? ನಡಿ, ಮನಿ ಮನಿಗಿ ನೀನೇ ಹೇಳು.”

ಹೇಳಿದ. ನಲವತ್ತೊಂದು ಬಾಗಿಲು. ಕೆಲವರು ಬೈದರು, ಕೆಲವರು ಬಾಗಿಲು ಹಾಕಿಕೊಂಡರು. ಉಳಿದದ್ದು ಔರಾದದ ಒಂದು ಬಾಗಿಲು.

ಕಳೆದ ಸೋಮವಾರ ಮೊದಲ ಮೋಟಾರಿಗೆ ಅಲ್ಲಿಗೂ ಹೋದ. ವೈಜಿನಾಥ ಅಂಗಳದಲ್ಲಿ ಪೇಪರ್ ಓದುತ್ತ ಕೂತಿದ್ದ. ಧೊಂಡಿಬಾನನ್ನು ಕಂಡು ಎದ್ದು ಬಂದು ಕೈ ಹಿಡಿದುಕೊಂಡ. “ಬೀದರ್‌ನಾಗ ಒಬ್ಬರೂ ನನ್ನ ಮಾರಿ ನೋಡ್ಲಿಲ್ಲೋ. ನೀ ಒಬ್ಬವ ಹುಡುಕ್ಕೊಂಡು ಬಂದಿ,” ಎಂದವನ ಕಣ್ಣು ತೇವವಾಗಿತ್ತು.

ಧೊಂಡಿಬಾ ಹೇಳಬಂದದ್ದನ್ನು ಹೇಳದೆ ಚೀಲಕ್ಕೆ ಕೈ ಹಾಕಿದ. ಕುಂಚ ತೆಗೆದ. ಬೇಡ ಬೇಡವೆಂದರೂ ಕೇಳದೆ ಆ ಮನೆಯ ಮುಂಗೋಡೆಗೆ ಕತ್ತಲಾಗುವವರೆಗೆ ಸುಣ್ಣ ಹೊಡೆದ. ಅವರು ಬಡಿಸಿದ ರೊಟ್ಟಿ ಉಂಡ. ಕೊನೆಯ ಮೋಟಾರಿಗೆ ತಿರುಗಿ ಬಂದ.

“ಉಣಬಾರ್ದಿತ್ತು ನಾ. ಉಂಡೆ,” ಎನ್ನುತ್ತಾನೆ, ಕುದಿ ಇಳಿದ ಸುಣ್ಣವನ್ನು ಕೋಲಿನಿಂದ ತಿರುವುತ್ತ. ಬಿಸಿಲು ಹೊಂಡದ ಅಂಚಿಗೆ ಬಂದಿದೆ. ಇವತ್ತಿನ ಆರು ಗೋಡೆ ಕಾಯುತ್ತಿವೆ. ಏನಾದರೂ ಆಸೆ ಇದೆಯೇ ಎಂದರೆ ಕೋಲನ್ನು ಹೊಂಡದ ಅಂಚಿಗೆ ಒರಗಿಸುತ್ತಾನೆ.

“ನೀವು ಪೇಪರಿಗಿ ಬರೆಯೋದ್ರಾಗ ನನ್ನ ಹೆಸರು ಪೂರಾ ಹಾಕ್ರಿ, ಚಿಂತಾಕಿ ಧೊಂಡಿಬಾ ಅಂತ. ಗೂಡಿಗಿ ಸುಣ್ಣ ಹೊಡದಾವ ನಾನೇ, ಸುಳ್ಳು ಹೇಳ್ದಾವನೂ ನಾನೇ ಅಂತ ಹಾಕ್ರಿ. ಜಮಾದಾರ ಸಾಬ್ರು ದಿನಾ ಪೇಪರ್ ಓದ್ತಾರ್ರಿ.”