ಕುರುಗೋಡಿನಲ್ಲಿ ಕೇಳಿದ ದ್ವೀಪ

...ಅಥವಾ ಅವತ್ತು ಮಂಗಳವಾರ ಆಗಿರಲೇ ಇಲ್ಲವೋ ಏನೋ. ನನ್ನ ನೆನಪಿನಲ್ಲಿ ಅದು ಮಂಗಳವಾರ, ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು, ನಾನು ಹಸಿರು ಸೀರೆ ಉಟ್ಟಿದ್ದೆ. ಆದರೆ ಹಸಿರು ಸೀರೆಯ ಮಾತು ದೊಡ್ಡವ್ವ ಹೇಳಿದ್ದು. ಅವಳು ಹೇಳಿದ ಮೇಲೆ ನನ್ನ ನೆನಪಿಗೂ ಆ ಬಣ್ಣ ಹತ್ತಿಕೊಂಡಿತೋ, ಮೊದಲೇ ಇತ್ತೋ, ಈಗ ಬಿಡಿಸಿ ಹೇಳಲಾರೆ. ಆದ್ದರಿಂದ ಇದನ್ನು ನಡೆದದ್ದು ಎಂದು ಓದಬೇಡಿ. ನನಗೆ ನೆನಪಿರುವುದು ಎಂದಷ್ಟೇ ಓದಿ.

ಇಂಥವನ್ನು ನಾನು ನಂಬುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಯಾರಾದರೂ ದೆವ್ವದ ಕತೆ, ನಿಜವಾದ ಕನಸಿನ ಕತೆ ತೆಗೆದರೆ, ‘ಹಗಲೊತ್ತಿನ್ಯಾಗ ನಡೆದದ್ದು ಒಂದರ ಹೇಳ್ರಿ’ ಎಂದು ನಗುತ್ತಿದ್ದೆ. ನನ್ನದು ನಡೆದದ್ದು ಹಗಲಿನಲ್ಲೇ, ಕುರುಗೋಡಿನ ಒಂದು ಮನೆಯ ಪಡಸಾಲೆಯಲ್ಲಿ, ಊಟಕ್ಕೆ ಸ್ವಲ್ಪ ಮುಂಚೆ.

ನಾನು ಬಳ್ಳಾರಿಯ ಕಂಟೋನ್ಮೆಂಟಿನ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಮನೆ ಗಾಂಧಿನಗರದಲ್ಲಿ. ಇದೆಲ್ಲ ಶುರುವಾಗುವುದಕ್ಕೆ ಹತ್ತು ತಿಂಗಳ ಹಿಂದೆ, ರೈಲ್ವೆ ಗೇಟಿನಲ್ಲಿ ನಿಂತಿದ್ದ ಬಸ್ಸೊಳಗೆ, ಜನರ ನಡುವೆ, ಇದ್ದಕ್ಕಿದ್ದಂತೆ ನನ್ನ ಎದೆ ಹಿಡಿದುಕೊಂಡಿತ್ತು. ಸಾಯುತ್ತಿದ್ದೇನೆ ಎಂದೇ ತಿಳಿದೆ. ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, ಹೃದಯ ಗಟ್ಟಿಯಾಗಿದೆ, ಇದು ಗಾಬರಿ, ಎಲ್ಲಾದರೂ ಹೋಗಿ ಆರಾಮಾಗಿ ನಾಲ್ಕು ದಿನ ಇದ್ದು ಬನ್ನಿ ಎಂದರು. ಎಲ್ಲಾದರೂ ಹೋಗುವುದೇ ನನ್ನ ಕಷ್ಟವಾಗಿತ್ತು. ಅಂದಿನಿಂದ ಒಬ್ಬಳೇ ಬಸ್ ಹತ್ತಿದರೆ ಎರಡನೇ ಸ್ಟಾಪಿಗೆ ಬೆವರುತ್ತಿದ್ದೆ. ಶಾಲೆಗೂ ನಮ್ಮ ಮನೆಯವರೇ ಸ್ಕೂಟರಿನಲ್ಲಿ ಬಿಡುತ್ತಿದ್ದರು.

ಹಾಗಿರುವಾಗ ಒಂದು ದ್ವೀಪಕ್ಕೆ ಒಬ್ಬಳೇ ಹೋಗಬೇಕೆಂದು ಯಾಕೆ ಅನ್ನಿಸಿತು? ಫೋನಿನಲ್ಲಿ ಯಾವುದೋ ಚಿತ್ರ ನೋಡಿದೆ. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಚಿಕ್ಕ ದ್ವೀಪ. ಮನೆಯಿಲ್ಲ, ಮಠವಿಲ್ಲ. ಒಂದಿಷ್ಟು ತೆಂಗು, ಕಪ್ಪು ಕಲ್ಲು, ಸುತ್ತ ನೀರು. ಒಂದು ಜಾಗದಲ್ಲಿ ನಿಂತು ತಿರುಗಿದರೆ ನಾಲ್ಕೂ ಕಡೆ ನೆಲ ಮುಗಿಯುವುದು ಕಾಣುತ್ತದೆ. ಅಂಥ ಕಡೆ ನನ್ನ ಗಾಬರಿಗೆ ಅಡಗಿ ಕೂರಲು ಮೂಲೆಯೇ ಸಿಗಲಾರದು ಎನ್ನಿಸಿತು. ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು ಕೂತೆ. ಉಡುಪಿಯ ಬಸ್ಸು, ಬೀಚಿನ ಪಕ್ಕದ ರೂಮು, ದೋಣಿಯ ಹೊತ್ತು, ಮಾತ್ರೆ, ಕಟಿರೊಟ್ಟಿ, ಶೇಂಗಾ ಚಟ್ನಿಪುಡಿ, ಓದದೆ ಉಳಿದ ಎರಡು ಪುಸ್ತಕ. ಬರೆಯುವಾಗ ಉಸಿರು ಹಗುರಾಗುತ್ತಿತ್ತು. ಮೂರು ವಾರ ಬರೀ ಬರೆದೆ.

ನಮ್ಮ ಮನೆಯವರು ಆ ನೋಟ್‌ಬುಕ್ ತಿರುವಿ ನೋಡಿ ನಕ್ಕರು. “ಏನ್ ಮೇಡಂ, ಸಮುದ್ರದ ನಡುವ ಹೋಗಾಕ ಇಷ್ಟುದ್ದ ಬರದೀರಿ. ಇಲ್ಲೇ ಕುರುಗೋಡಿಗೆ ಒಬ್ರ ಹೋಗಿ ಬರ್ರಿ ನೋಡೋಣು!”

ಚುಚ್ಚಿ ಅಂದದ್ದಲ್ಲ, ಆದರೂ ಚುಚ್ಚಿತು. ಆ ಮಾತನ್ನೇ ಯೋಜನೆಯ ಮೊದಲ ಸಾಲಾಗಿ ಬರೆದುಕೊಂಡೆ. ಮೊದಲು ಕುರುಗೋಡು, ಆಮೇಲೆ ಸಿರುಗುಪ್ಪ, ಎರಡನ್ನೂ ದಾಟಿದರೆ ಸಮುದ್ರ. ಕುರುಗೋಡಿನಲ್ಲಿ ದೊಡ್ಡವ್ವ ಇದ್ದಾಳೆ, ನಮ್ಮವ್ವನ ಅಕ್ಕ. ಅವ್ವ ಹೋದ ಮೇಲೆ ನಮ್ಮ ಮನೆತನದ ಹೆಣ್ಣುಮಕ್ಕಳು ದೂರ ಹೊರಟರೆ, ಅವಳ ಮನೆಗೆ ಹೋಗಿ ಉಡಿ ತುಂಬಿಸಿಕೊಂಡು ಹೋಗುವುದು ರೂಢಿ. ಸೆರಗಿಗೆ ಅಕ್ಕಿ, ಕೊಬ್ಬರಿ, ಒಂದು ಕುಬಸದ ಖಣ ಹಾಕಿ ಕಳಿಸುತ್ತಾಳೆ. ಹೋಗಲು ಒಳ್ಳೆಯ ನೆಪವೂ ಸಿಕ್ಕಿತು.

ಆ ಮಂಗಳವಾರ ರಜೆ ಹಾಕಿ ಬಸ್ ಹತ್ತಿದೆ. ಕಂಡಕ್ಟರ್ ಹೆಣ್ಣುಮಕ್ಕಳ ಶೂನ್ಯ ಟಿಕೆಟ್ ಹರಿದು ಕೊಟ್ಟ. ಅದರಲ್ಲಿ ಬಳ್ಳಾರಿಯಿಂದ ಕುರುಗೋಡು ಎಂದೇ ಇತ್ತು. ಆದರೆ ನಾನು ಕುರುಗೋಡು ಮುಟ್ಟಲಿಲ್ಲ. ಕೋಳೂರು ಕ್ರಾಸ್ ಇರಬೇಕು, ಎದೆ ಹಿಡಿಯಿತು, ಇಳಿದುಬಿಟ್ಟೆ. ಒಂದು ಚಹಾ ಅಂಗಡಿಯ ಬೆಂಚಿನ ಮೇಲೆ ಕುಳಿತು ನೀರು ಕುಡಿದೆ, ಅತ್ತುಬಿಟ್ಟೆ, ಎದುರಿನಿಂದ ಬಂದ ಬಸ್ ಹತ್ತಿ ವಾಪಸ್ ಬಂದೆ. ಮನೆ ಮುಟ್ಟಿದಾಗ ಎಷ್ಟು ಗಂಟೆ ಎಂದು ಯಾರೂ ನೋಡಲಿಲ್ಲ, ನಾನೂ ನೋಡಲಿಲ್ಲ.

ರಾತ್ರಿ ಎಂಟಕ್ಕೆ ನಮ್ಮ ಮನೆಯವರು ಬಂದು ಕೇಳಿದಾಗ ಸುಳ್ಳು ಹೇಳಿದೆ. ಹೋಗಿದ್ದೆ, ದೊಡ್ಡವ್ವ ಗಟ್ಟಿಯಾಗಿದ್ದಾಳೆ, ಮಜ್ಜಿಗೆ ಕೊಟ್ಟಳು ಎಂದೆ. ಅವರಿಗಾದ ಖುಷಿ ನೋಡಿ ನನಗೆ ಇನ್ನಷ್ಟು ಸಂಕಟವಾಯಿತು. ಸುಳ್ಳು ಹೊರಗೆ ಬೀಳುವ ಮೊದಲು ನಿಜವಾಗಿ ಒಮ್ಮೆ ಹೋಗಿಬರಬೇಕಿತ್ತು. ಮುಂದಿನ ಭಾನುವಾರ, ಹಲ್ಲು ಕಚ್ಚಿ, ಕಿಟಕಿಯ ಸರಳು ಬಿಡದೆ ಹಿಡಿದು, ಕುರುಗೋಡು ಮುಟ್ಟಿದೆ.

ದೊಡ್ಡವ್ವ ಪಡಸಾಲೆಯಲ್ಲಿ ಪುಂಡಿಸೊಪ್ಪು ಬಿಡಿಸುತ್ತ ಕುಳಿತಿದ್ದಳು. ಎಪ್ಪತ್ತೆಂಟು ದಾಟಿದ್ದರೂ ಸೂಜಿಗೆ ತಾನೇ ದಾರ ಪೋಣಿಸುವವಳು, ಯಾರ ಮಗಳ ಲಗ್ನ ಯಾವ ತಿಂಗಳಲ್ಲಾಯಿತೆಂದು ಊರಿಗೆ ಹೇಳುವವಳು. ನನ್ನನ್ನು ನೋಡಿ ಹುಬ್ಬೇರಿಸಿದಳು.

“ಇಷ್ಟು ಲಗೂನ ಮತ್ತ ಬಂದಿ? ಏನರ ಮರತು ಹೋಗಿದ್ದೇನವ್ವ?”

“ನಾ ಯಾವಾಗ ಬಂದಿದ್ದೆ, ದೊಡ್ಡವ್ವಾ?”

“ಹ್ವಾದ ಮಂಗಳವಾರ! ಹಸರು ಸೀರಿ ಉಟ್ಕೊಂಡು ಬಂದಿ, ಎರಡು ಚೆಂಬು ಮಜ್ಜಿಗಿ ಕುಡದಿ. ನನ್ನ ಕೇಳ್ತಿಯಲ್ಲಾ!”

ನಮ್ಮ ಮನೆಯವರು ಫೋನ್ ಮಾಡಿ ವಿಚಾರಿಸಿರಬೇಕು, ದೊಡ್ಡವ್ವ ನನ್ನ ಸುಳ್ಳನ್ನು ಕಾಪಾಡುತ್ತಿದ್ದಾಳೆ ಎಂದು ತಿಳಿದೆ. ಹತ್ತಿರ ಹೋಗಿ ಮೆಲ್ಲಗೆ, “ಇಲ್ಲಿ ಯಾರೂ ಇಲ್ಲ, ಖರೇ ಹೇಳು. ನಾ ಬಂದಿರಲಿಲ್ಲ. ಸಮುದ್ರಕ್ಕೂ ಇನ್ನ ಹೋಗಿಲ್ಲ. ಉಡಿ ತುಂಬಿಸ್ಕೊಂಡು ಹೋಗೋಣಂತ ಈಗ ಬಂದೀನಿ” ಎಂದೆ.

ಅವಳು ಸೊಪ್ಪಿನ ಕೈಯನ್ನು ಸೆರಗಿಗೆ ಒರೆಸಿ ನನ್ನ ಹಣೆ ಮುಟ್ಟಿ ನೋಡಿದಳು. “ಜ್ವರ ಇಲ್ಲ. ಸಮುದ್ರದ ಗಾಳಿ ತಲಿಗಿ ಏರೇತೇನು? ಒಂದು ಪಯಣಕ್ಕ ಎರಡು ಸಲ ಉಡಿ ತುಂಬತಾರೇನು, ಹುಚ್ಚಿ? ಹೇಳದ ಹೋಗಿದ್ದಿ ಅಂತ ಬೈದೆ, ಸುಖರೂಪ ಬಂದೀಯಲ್ಲ ಅಂತ ಅವತ್ತ ತುಂಬಿ ಕಳಿಸೀನಿ.”

ಆಮೇಲೆ, ನನ್ನ ಮುಖ ನೋಡಿ ಏನನ್ನಿಸಿತೋ, ನಾನು ಹೇಳಿದೆನೆನ್ನುವ ಮಾತುಗಳನ್ನು ನನಗೇ ತಿರುಗಿ ಹೇಳತೊಡಗಿದಳು. “ದೊಡ್ಡ ದೋಣಿ ದಂಡಿತನಕ ಹೋಗಂಗಿಲ್ಲಂತ. ನಡು ನೀರಾಗ ನಿಲ್ಲಿಸಿ ಸಣ್ಣ ದೋಣಿಗಿ ಇಳಸ್ತಾರಂತ. ಅಲ್ಲಿ ನಿನಗ ಎದಿ ಹಿಡಕೊಂತಂತ, ಆಮ್ಯಾಲ ತಾನ ಬಿಡ್ತಂತ. ಕಲ್ಲು ನಮ್ಮ ಗುಡ್ಡದಂಗ ಗುಂಡಗಿಲ್ಲಂತ. ಜ್ವಾಳದ ದಂಟಿನ ಸಿವುಡು ಸಾಲಾಗಿ ನಿಲ್ಲಿಸಿದಂಗ ಅದಾವಂತ. ಯಾರೋ ಹೆಣ್ಮಗಳು ಬುತ್ತಿ ಬಿಚ್ಚಿ ನಿನಗೂ ಕೊಟ್ಲಂತ. ಎಷ್ಟು ನಗತಿದ್ದಿ ಹೇಳುವಾಗ! ನಿಮ್ಮವ್ವ ನಕ್ಕಂಗ ಇತ್ತು.”

ನನ್ನ ಎದೆಯ ಸಂಗತಿಯನ್ನು ಕುರುಗೋಡಿನಲ್ಲಿ ಯಾರಿಗೂ ತಿಳಿಸಿರಲಿಲ್ಲ. ದೋಣಿ ಬದಲಿಸಬೇಕೆಂಬುದು ನನ್ನ ನೋಟ್‌ಬುಕ್ಕಿನಲ್ಲೇ ಇರಲಿಲ್ಲ. ಕೊಯ್ದ ದಂಟಿನ ಕಟ್ಟಿಗೆ ನಮ್ಮ ಕಡೆ ಸಿವುಡು ಎನ್ನುತ್ತಾರೆ, ಆ ಹೋಲಿಕೆಯಂತೂ ನನಗೆ ಹೊಳೆಯುವಂಥದ್ದಲ್ಲ. ಹೊಳೆದಿದ್ದರೆ ಎಲ್ಲಾದರೂ ಬರೆದುಬಿಡುತ್ತಿದ್ದೆ.

ಬಳ್ಳಾರಿಗೆ ಬಂದು ನಮ್ಮ ಮನೆಯವರ ಮುಂದೆ ಸುಳ್ಳನ್ನು ಒಪ್ಪಿಕೊಂಡೆ. ಅವರು ಸಿಟ್ಟಾಗಲಿಲ್ಲ. ದೊಡ್ಡವ್ವನಿಗೆ ಫೋನ್ ಮಾಡಿಲ್ಲವೆಂದು ಆಣೆ ಮಾಡಿದರು. ವಯಸ್ಸಾಯಿತು, ಯಾರದೋ ಮಾತನ್ನು ನಿನ್ನದೆಂದು ತಿಳಿದಿದ್ದಾಳೆ ಬಿಡು ಎಂದರು. ನಾನು ಬಿಡಲಿಲ್ಲ. ಸಿರುಗುಪ್ಪದ ಹತ್ತಿರ ಕರೂರಿನಲ್ಲಿ ನನ್ನ ತಂಗಿ ಶಾರದಾ ಇದ್ದಾಳೆ. ದೊಡ್ಡವ್ವ ಎರಡು ದಿನಕ್ಕೊಮ್ಮೆ ಅವಳೊಂದಿಗೆ ಫೋನಿನಲ್ಲಿ ಮಾತಾಡದೆ ಇರುವವಳಲ್ಲ. ಏನು ಹೇಳಿದ್ದಾಳೆ, ಯಾವತ್ತು ಹೇಳಿದ್ದಾಳೆ? ಶಾರದಾಗೆ ಫೋನ್ ಮಾಡಿದ್ದರೂ ಸಾಕಿತ್ತು. ಎದುರು ಕೂತು ಕೇಳಬೇಕು ಎನ್ನಿಸಿತು. ಮರುದಿನ ಮತ್ತೆ ರಜೆ ಹಾಕಿ ಬೆಳಿಗ್ಗೆಯೇ ಸಿರುಗುಪ್ಪ ಬಸ್ ಹತ್ತಿದೆ. ಮಂಗಳವಾರದ ಒಂದೊಂದು ಗಳಿಗೆಯನ್ನು ಮುಂದೆ ಹಿಂದೆ ಜೋಡಿಸುತ್ತ ಕುಳಿತೆ. ಸಿರುಗುಪ್ಪದಲ್ಲಿ ಇಳಿದು ಕರೂರಿನ ಬಸ್ ಎಲ್ಲಿ ಎಂದು ಯಾರನ್ನೋ ಕೇಳುವಾಗ ತಟ್ಟನೆ ಅರಿವಾಯಿತು: ದಾರಿಯುದ್ದಕ್ಕೂ ನನಗೆ ಗಾಬರಿಯೇ ಆಗಿರಲಿಲ್ಲ. ಗಾಬರಿಯಾಗಲು ಪುರುಸೊತ್ತೇ ಸಿಕ್ಕಿರಲಿಲ್ಲ.

ಶಾರದಾ ಬಾಗಿಲಲ್ಲೇ ಜಗಳ ತೆಗೆದಳು. “ನನಗ ಸಿಟ್ಟು ಬಂದೈತಿ ನೋಡಕ್ಕ. ಸಮುದ್ರ ನೋಡಿ ಬಂದು ದೊಡ್ಡವ್ವಗ ಕುಂತು ಕತಿ ಹೇಳ್ತಿ, ಬೆನ್ನಿಗೆ ಬಿದ್ದ ತಂಗಿಗಿ ಒಂದು ಫೋನಿಲ್ಲ!”

ಅವಳಿಗೆ ದಿನ ಖಚಿತವಾಗಿ ನೆನಪಿತ್ತು. ಅವತ್ತು ಅವರ ಗದ್ದೆಯಲ್ಲಿ ನಾಟಿ. ಆಳುಗಳು ಕಾಲಿನ ಕೆಸರು ತೊಳೆಯುತ್ತಿದ್ದಾಗ, ದೀಪ ಹಚ್ಚುವ ಹೊತ್ತಿಗೆ, ದೊಡ್ಡವ್ವನ ಫೋನ್ ಬಂದಿತ್ತಂತೆ. ಅಂದರೆ ನಾನು ಮನೆಯಲ್ಲಿ ಸುಳ್ಳು ಹೇಳುವುದಕ್ಕೂ ಮೊದಲು. “ನಿಮ್ಮಕ್ಕ ಬಂದಿದ್ಲು, ಮಾರಿ ಮ್ಯಾಲ ಕಳಿ ಬಂದೈತಿ, ಇನ್ನ ಆಕಿ ಚಿಂತಿ ಇಲ್ಲ” ಎಂದಳಂತೆ. ನಾನು ಹೊಸ್ತಿಲ ಮೇಲೇ ಕುಳಿತೆ. ಶಾರದಾ ನನ್ನ ಹೊಟ್ಟೆ ಹಸಿದಿದೆ ಎಂದುಕೊಂಡು ತಾಟು ಹಾಕಿದಳು.

ಮಾರನೆಯ ವಾರ ಉಡುಪಿಗೆ ಸೀಟು ಬುಕ್ ಮಾಡಿದೆ. ಧೈರ್ಯ ಬಂತು ಎಂದು ಬರೆದರೆ ಅಚ್ಚುಕಟ್ಟಾದೀತು, ಆದರೆ ಅದು ಧೈರ್ಯವಲ್ಲ. ಒಮ್ಮೆ ಹೋಗಿ ಬಂದವಳೆಂದು ಇಬ್ಬರು ನಂಬಿದ್ದರು. ಅವರ ಮಾತಿನ ಮೇಲೆ ಹೊರಟೆ, ಅಷ್ಟೇ.

ದ್ವೀಪದ ಬಗ್ಗೆ ಹೆಚ್ಚು ಹೇಳುವುದಿಲ್ಲ. ದೊಡ್ಡ ದೋಣಿ ನಿಜಕ್ಕೂ ದಂಡೆಯವರೆಗೆ ಹೋಗಲಿಲ್ಲ. ನಡುನೀರಿನಲ್ಲಿ ಸಣ್ಣ ದೋಣಿಗೆ ಇಳಿಯುವಾಗ, ಈಗ ಎದೆ ಹಿಡಿಯುತ್ತದೆ, ಈಗ ಹಿಡಿಯುತ್ತದೆ ಎಂದು ಕಾದೆ. ಹಿಡಿಯಲಿಲ್ಲ. ಕಾಯುವುದರಲ್ಲೇ ದಂಡೆ ಬಂತು. ಕಲ್ಲುಗಳು ದಂಟಿನ ಸಿವುಡಿನಂತೆಯೇ ನಿಂತಿದ್ದವು. ಎಷ್ಟು ಹೊತ್ತು ನೋಡಿದರೂ ಬೇರೆ ಹೋಲಿಕೆ ಹೊಳೆಯಲಿಲ್ಲ. ಬುತ್ತಿ ಕೊಡುವ ಹೆಣ್ಣುಮಗಳು ಮಾತ್ರ ಬರಲಿಲ್ಲ. ಯಾರಾದರೂ ಡಬ್ಬಿ ಬಿಚ್ಚುತ್ತಾರೇನೋ ಎಂದು ನಾಚಿಕೆ ಬಿಟ್ಟು ಸುತ್ತ ನೋಡಿದೆ. ಕೊನೆಗೆ ನನ್ನ ರೊಟ್ಟಿ ನಾನೇ ತಿಂದೆ. ಕಾಲು ನೀರಿನಲ್ಲಿತ್ತು. ಹತ್ತು ತಿಂಗಳಲ್ಲಿ ಮೊದಲ ಸಲ ಕೂತಲ್ಲೇ ತೂಕಡಿಸಿದೆ. ಬೀಚಿನ ರೂಮಿನಲ್ಲಿ ಮೂರು ದಿನ ಇದ್ದೆ. ಒಂದು ಪುಸ್ತಕವನ್ನೂ ತೆರೆಯಲಿಲ್ಲ.

ಬಂದವಳು ನೇರ ಕುರುಗೋಡಿಗೆ ಹೋಗಿ ದೊಡ್ಡವ್ವನ ಮುಂದೆ ಕುಳಿತೆ. ಬಸ್ಸಿನಿಂದ ಹಿಡಿದು ಅಲೆಯವರೆಗೆ, ಒಂದೂ ಬಿಡದೆ, ನನಗೆ ಗೊತ್ತಿರುವ ಎಲ್ಲ ಕಲೆಯನ್ನೂ ಬಳಸಿ ಹೇಳಿದೆ. ಅವಳು ಶೇಂಗಾ ಸುಲಿಯುತ್ತ, ನಡುನಡುವೆ ಹೂಂಗುಟ್ಟುತ್ತ, ಪೂರ್ತಿ ಕೇಳಿದಳು. ಮುಗಿದ ಮೇಲೆ ಸಿಪ್ಪೆ ಒತ್ತಟ್ಟಿಗೆ ಸರಿಸಿ, “ಅವತ್ತು ಇದಕಿಂತ ಚಲೋ ಹೇಳಿದ್ದಿ ನೋಡವ್ವ” ಎಂದಳು.

ಇದಾಗಿ ಎರಡು ವರ್ಷವಾಯಿತು. ಈಗ ಒಬ್ಬಳೇ ಓಡಾಡುತ್ತೇನೆ. ಎದೆ ಯಾವಾಗಲಾದರೊಮ್ಮೆ ಹಿಡಿಯುತ್ತದೆ, ಬಿಡುತ್ತದೆ. ದೊಡ್ಡವ್ವ ಇಂದಿಗೂ ತನ್ನ ಮಾತು ಬದಲಿಸಿಲ್ಲ. ಕ್ರಾಸಿನ ಚಹಾ ಅಂಗಡಿಯನ್ನು ಹುಡುಕಿಕೊಂಡು ಒಮ್ಮೆ ಹೋಗಿದ್ದೆ. ಅಂಗಡಿ ಇದೆ, ಬೆಂಚೂ ಇದೆ, ಅಲ್ಲಿಯವರಿಗೆ ನನ್ನ ನೆನಪಿಲ್ಲ. ಆ ಮಂಗಳವಾರ ದೊಡ್ಡವ್ವನ ಪಡಸಾಲೆಯಲ್ಲಿ ಕುಳಿತು, ಮಜ್ಜಿಗೆ ಕುಡಿದು, ನನಗಿಂತ ಚೆನ್ನಾಗಿ ಆ ಕತೆ ಹೇಳಿ ಹೋದವಳು ಯಾರು? ನಾನಲ್ಲ ಎಂದು ಹಲವು ಸಲ ಬರೆದು ನೋಡಿದ್ದೇನೆ, ನಾನೇ ಎಂದೂ ಬರೆದು ನೋಡಿದ್ದೇನೆ. ಎರಡನ್ನೂ ಹೊಡೆದುಹಾಕಿದ್ದೇನೆ. ನನಗೆ ಗೊತ್ತಿಲ್ಲ.