ಹೊಸಿಲಲ್ಲಿ ನಿಂತ ಗೌರಿ

ವಾದದಲ್ಲಿ ಸೋತವನು ಹೇಗಿರಬೇಕೆಂದು ಎಲ್ಲರೂ ಹೇಳಿಕೊಡುತ್ತಾರೆ. ಗೆದ್ದವನು ಏನು ಮಾಡಬೇಕೆಂದು ನನಗೆ ಈವರೆಗೆ ಯಾರೂ ಹೇಳಿಕೊಟ್ಟಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಗೆದ್ದರೆ ಕೈಗೊಂದು ಕಪ್ ಕೊಟ್ಟು ಕಳಿಸುತ್ತಾರೆ, ಅಲ್ಲಿಗೆ ಮುಗಿಯಿತು. ಮನೆಯಲ್ಲಿ ಗೆದ್ದರೆ ಮುಗಿಯುವುದೇ ಇಲ್ಲ. ಸೋತವರು ಅಲ್ಲೇ ಇರುತ್ತಾರೆ, ಮರುದಿನ ಅವರ ಕೈಯಿಂದಲೇ ಕಾಫಿ ಕುಡಿಯಬೇಕು.

ನಾನು ಅಜ್ಜಿಯನ್ನು ಸೋಲಿಸಿದ್ದು ನಮ್ಮ ಗೃಹಪ್ರವೇಶದ ಹಿಂದಿನ ದಿನ. ಆಗಿನ್ನೂ ವಿಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಅಪ್ಪ ಅಲ್ಲಿ ಮನೆ ಕಟ್ಟಿಸಿದ್ದು ಮುಖ್ಯವಾಗಿ ಅಜ್ಜಿಗಾಗಿ. ಬಾಡಿಗೆ ಮನೆಯಲ್ಲಿ ತಾನಿರುವುದಿಲ್ಲವೆಂದು ಆಕೆ ಇಷ್ಟು ವರ್ಷ ದಾವಣಗೆರೆಯಲ್ಲಿ ದೊಡ್ಡಪ್ಪನ ಜೊತೆಗೇ ಉಳಿದಿದ್ದಳು. ಈಗ ತನ್ನ ಟ್ರಂಕಿನ ಸಮೇತ ಬಂದಿಳಿದಿದ್ದಳು. ಅಪ್ಪ ಆ ಟ್ರಂಕನ್ನು ಹೋಗಿ ಬಂದು ನೋಡಿ ಒಬ್ಬರೇ ನಗುತ್ತಿದ್ದರು.

ಹೊಸ ಮನೆಯನ್ನು ಮೊದಲು ಹಸು ತುಳಿಯಬೇಕು, ಆಮೇಲೆ ನಾವು ಎಂದು ಅಜ್ಜಿ ಹೇಳಿದಳು. ಹೇಳಿಕೊಳ್ಳಲಿ ಎಂದು ನಾನು ಬಿಡಬಹುದಿತ್ತು. ಆದರೆ ಎದುರಿಗೊಂದು ನಂಬಿಕೆ ಬಂದು ಕೂತರೆ ನನ್ನ ನಾಲಿಗೆ ತಾನಾಗಿಯೇ ಎದ್ದು ನಿಲ್ಲುತ್ತದೆ. ಹಸುವಿಗೆ ಮನೆಯ ಬಗ್ಗೆ ಅಭಿಪ್ರಾಯವಿದೆಯೇ ಎಂದು ಕೇಳಿದೆ. ಇದೆ ಎಂದಳು. ಹಾಗಾದರೆ ಬೇಡವೆನ್ನುವ ಹಕ್ಕೂ ಅದಕ್ಕಿರಬೇಕಲ್ಲ? ಇರಲಿ ಎಂದಳು. ಅದು ಬೇಡವೆಂದರೆ ನೀನು ಈ ಮನೆಯಲ್ಲಿ ಇರುವುದಿಲ್ಲವೇ, ಎಲ್ಲರೆದುರು ಹೇಳಿಬಿಡು ಎಂದು ಮೂಲೆಗೆ ಒತ್ತಿದೆ. ಅಜ್ಜಿ ಎಲೆಗೆ ಸುಣ್ಣ ಸವರುತ್ತಾ ಹೇಳಿದಳು: "ಆಕಳು ಒಲ್ಲೆ ಅಂದ್ರೆ ನಾನೂ ಒಲ್ಲೆ. ಸಂಜಿ ಗಾಡಿಗೆ ದಾವಣಗೆರೆಗೆ ಹೋಗ್ತೀನಿ."

ತರ್ಕದ ದೃಷ್ಟಿಯಿಂದ ಅದು ನನ್ನ ಸಂಪೂರ್ಣ ವಿಜಯ. ಅಪ್ಪ ನನ್ನನ್ನು ನೋಡಿದ ನೋಟದಲ್ಲಿ ಮಾತ್ರ ಕಪ್ ಕೊಡುವ ಲಕ್ಷಣ ಕಾಣಲಿಲ್ಲ.

ಮರುದಿನದ ಅತಿಥಿಗಳಲ್ಲಿ ವರ್ನರ್ ಎಂಬ ಜರ್ಮನ್ ಎಂಜಿನಿಯರ್ ಇದ್ದ. ಅಪ್ಪನ ಕಾರ್ಖಾನೆಗೆ ಹೊಸ ಯಂತ್ರಗಳನ್ನು ಕೂರಿಸಲು ಬಂದು ರಾಜಾಜಿನಗರದಲ್ಲಿ ಬಾಡಿಗೆಗಿದ್ದ ಮನುಷ್ಯ. ಅವನಿಗೆ ಎಲ್ಲವನ್ನೂ ವಿವರಿಸುವ ಕೆಲಸ ನನ್ನದು. ನನಗೆ ಒಳಗೊಳಗೇ ಖುಷಿ: ಯಂತ್ರದ ನಾಡಿನವನು, ಖಂಡಿತ ನನ್ನ ಪಕ್ಷ. ಅವನೋ ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಮಾವಿನ ತೋರಣ, ಬೂದುಗುಂಬಳ ಎಲ್ಲವನ್ನೂ ಬರೆದುಕೊಂಡ. ಮಹಡಿಗೆ ಕಟ್ಟಿದ್ದ ದೃಷ್ಟಿಗೊಂಬೆಯನ್ನು ತೋರಿಸಿ, ಮನೆ ಕಟ್ಟಿದ ಮೇಸ್ತ್ರಿಯ ಚಿತ್ರವೇ ಎಂದು ಗೌರವದಿಂದ ಕೇಳಿದ. ಮೀಸೆಯಲ್ಲಿ ಹೋಲಿಕೆ ಇದ್ದದ್ದರಿಂದ ನಾನು ಪೂರ್ತಿ ಅಲ್ಲಗಳೆಯಲಿಲ್ಲ.

ಹಸು ಗೋವಿಂದರಾಜನಗರದ ಮುನಿಯಪ್ಪನದು, ಹೆಸರು ಗೌರಿ. ಕೊಂಬಿಗೆ ಅರಿಸಿನ, ಕೊರಳಿಗೆ ಸೇವಂತಿಗೆ ಹಾರ. ಮಂತ್ರವಾಯಿತು, ಆರತಿಯಾಯಿತು. ಗೌರಿ ಮೆಟ್ಟಿಲು ಹತ್ತಿದಳು, ಮುಂಗಾಲೊಂದನ್ನು ಹೊಸಿಲಿನಾಚೆ ಇಟ್ಟಳು, ತೆಗೆದಳು, ನಿಂತುಬಿಟ್ಟಳು. ಬಾಳೆಹಣ್ಣು ತೋರಿಸಿದರೆ ಕತ್ತು ಚಾಚಿ ತಿಂದು ಅಲ್ಲೇ ನಿಂತಳು. ಬೆಲ್ಲಕ್ಕೂ ಅದೇ ನ್ಯಾಯ. ಮುನಿಯಪ್ಪ ಬೆವರು ಒರೆಸಿಕೊಂಡ. "ನಮ್ ಗೌರಿ ಈ ಏರಿಯಾದಾಗೆ ಎಷ್ಟ್ ಮನೆ ತುಳಿದವ್ಳೆ ಸಾರ್, ಒಂದ್ರಾಗೂ ಹಿಂಗ್ ಮಾನ ಕಳೀಲಿಲ್ಲ."

ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿ ಇದೆಯೆಂದು ತಿಳಿಯಬೇಕು ಎಂದು ನಮ್ಮ ಹಳೆಯ ತಾರ್ಕಿಕರು ಹೇಳಿದರು. ಹೊಸಿಲಲ್ಲಿ ಹಸು ನಿಂತರೆ ಏನೆಂದು ತಿಳಿಯಬೇಕು ಎಂಬುದನ್ನು ನೆಂಟರಿಗೆ ಬಿಟ್ಟುಹೋದರು. ಬಾಗಿಲಿನ ದಿಕ್ಕು ಸರಿಯಿಲ್ಲ ಎಂದರು ಒಬ್ಬರು. ಸೈಟಿನಲ್ಲಿ ಹಿಂದೆ ಹುತ್ತವಿತ್ತು ಎಂದರು ಇನ್ನೊಬ್ಬರು, ಇವರು ಸೈಟು ನೋಡಿದ್ದೇ ಅಂದು ಮೊದಲ ಸಲ. ಮೂರನೆಯವರು ಬರೀ ವರ್ನರನನ್ನು ನೋಡಿದರು. ಪೂಜೆಗೆ ಬಂದಿದ್ದ ಅಯ್ಯನೋರು ಗಡಿಯಾರ ನೋಡಿ, ಮುಹೂರ್ತಕ್ಕೆ ಇನ್ನು ಹತ್ತೇ ನಿಮಿಷ ಎಂದರು. ಅಜ್ಜಿ ಗೇಟಿನ ಬಳಿ ಟ್ರಂಕಿನ ಮೇಲೆ ಕೂತಿದ್ದಳು. ಅಪ್ಪ ನಗುವುದನ್ನು ಬಿಟ್ಟು ಬಹಳ ಹೊತ್ತಾಗಿತ್ತು. ಮತ್ತು ನಾನು, ದೇವರಿಲ್ಲವೆಂದು ವಾದಿಸಿ ಎರಡು ಸಲ ಬಹುಮಾನ ಪಡೆದವನು, ಬಾರಮ್ಮ ತಾಯಿ ಎಂದು ಮನಸ್ಸಿನಲ್ಲೇ ಗೌರಿಯನ್ನು ಬೇಡಿಕೊಳ್ಳುತ್ತಿದ್ದೆ.

ವರ್ನರ್ ಏನಾಗಿದೆ ಎಂದು ಕೇಳಿದ. ಹೇಳಿದೆ. ಅವನು ಬಗ್ಗಿ ನಮ್ಮ ರೆಡ್ ಆಕ್ಸೈಡ್ ನೆಲವನ್ನು ಬೆರಳಿನಿಂದ ಸವರಿ, ಮೂಸಿ, ಇದಕ್ಕೆ ಎಣ್ಣೆ ಹಚ್ಚಿದವರು ಯಾರು ಎಂದ. ಹಚ್ಚಿದವನು ನಾನೇ. ಪರದೇಶದವನೆದುರು ನೆಲ ಕನ್ನಡಿಯಂತೆ ಹೊಳೆಯಲೆಂದು ಹಿಂದಿನ ದಿನ ಅರ್ಧ ಶೀಶೆ ಕೊಬ್ಬರಿ ಎಣ್ಣೆ ತಿಕ್ಕಿದ್ದೆ. ಆಗ ತಿಳಿಯಿತು, ಅವನು ಯಂತ್ರದ ನಾಡಿನವನಾದರೂ ಹುಟ್ಟಿದ್ದು ಹನ್ನೆರಡು ಹಸುಗಳ ಮನೆಯಲ್ಲಿ. ಜಾರುವ ನೆಲದ ಮೇಲೆ ಯಾವ ದೇಶದ ಹಸುವೂ ಕಾಲಿಡುವುದಿಲ್ಲವಂತೆ.

ಅವನು ಬೂಟು ಕಳಚಿ, ಅಡುಗೆಯವರ ಹತ್ತಿರ ಖಾಲಿ ಗೋಣಿಚೀಲಗಳನ್ನು ಇಸಕೊಂಡು, ಹೊಸಿಲಿನಿಂದ ದೇವರಮನೆಯವರೆಗೆ ತಾನೇ ಹಾಸಿದ. ಗೌರಿ ಗೋಣಿಯನ್ನು ಮೂಸಿ ನೋಡಿ, ಕರೆದ ಮದುವೆಗೆ ಬಂದವಳ ಹಾಗೆ ಒಳಗೆ ನಡೆದಳು. ನಡುಮನೆಯಲ್ಲಿ ಸಗಣಿಯನ್ನೂ ಹಾಕಿದಳು. ನೆಂಟರು ಶುಭ, ಶುಭ ಎಂದರು. ಹುತ್ತದವರು ಎಲ್ಲರಿಗಿಂತ ಗಟ್ಟಿಯಾಗಿ ಎಂದರು.

ವರ್ನರ್ ನನ್ನ ಕಡೆ ತಿರುಗಿ, ಇದು ಶಕುನವಲ್ಲ, ಬರೀ ಎಣ್ಣೆಯ ಜಾರಿಕೆ ಎಂದು ನಿನ್ನ ಅಜ್ಜಿಗೆ ಹೇಳು, ಪಾಪ ಹೆದರಿದ್ದಾರೆ ಎಂದ. ನೋಡಿ, ಇಂಥ ಸಾಕ್ಷಿ ನನ್ನಂಥವನಿಗೆ ಜನ್ಮಕ್ಕೊಂದು ಸಲ ಸಿಗುತ್ತದೆ. ಆದರೆ ಹಸು ಬಂದದ್ದು ತಾನಾಗಿ ಅಲ್ಲ, ಗೋಣಿಯ ದೆಸೆಯಿಂದ ಎಂದರೆ ಅಜ್ಜಿ ಏನು ಮಾಡಿಯಾಳು? ಸಂಜೆಯ ಗಾಡಿಗೆ ಇನ್ನೂ ಸಮಯವಿತ್ತು. ಅಪ್ಪ ನನ್ನ ಬಾಯನ್ನೇ ನೋಡುತ್ತಿದ್ದರು.

"ಏನಂತಾನೋ ಆತ?" ಎಂದಳು ಅಜ್ಜಿ.

"ಹಸು ಮನೆಯನ್ನ ಒಪ್ಪಿ ಒಳಗೆ ಬಂತು ಅಂತಾರೆ ಅಜ್ಜಿ," ಎಂದೆ. ಸಾಕ್ಷಿಯನ್ನು ತಿರುಚಿದ್ದು ಅದೇ ಮೊದಲು.

ಅಜ್ಜಿ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. "ಗೋಣಿ ಹಾಸಿದ್ದು ನನಗೂ ಕಾಣ್ತತಪ್ಪಾ. ಬಾಗಿಲಿಂದ ಆ ನೆಲ ನೋಡಿ ನಿನ್ನೆಯಿಂದ ನನಗೂ ಎದೆ ಡವಡವ ಅಂತಿತ್ತು. ಮೊಮ್ಮಗ ಹೊಳಪು ಮಾಡ್ಯಾನೆ, ಜಾರತೈತಿ ಅಂತ ಹೆಂಗ್ ಹೇಳೋದು? ಆಕಳು ಹೇಳ್ತು. ತೆಗೀಬ್ಯಾಡ ಅದನ್ನ, ನಾನೂ ಬರ್ತೀನಿ."

ನನ್ನ ಭುಜ ಹಿಡಿದು, ಬಲಗಾಲನ್ನು ಗೋಣಿಯ ಮೇಲಿಟ್ಟು ಅಜ್ಜಿ ಒಳಗೆ ಬಂದಳು. ಹಿಂದೆ ಅಪ್ಪ ಟ್ರಂಕು ಹೊತ್ತು ಬಂದರು. ಹಾಗಾದರೆ ನಿನ್ನೆ ನೀನು ಹೇಳಿದ್ದು ಶಕುನವಲ್ಲವೇ ಎಂದು ಕೇಳಲು ನನ್ನ ಬಾಯಿ ತೆರೆದೇ ಇತ್ತು. ಆದರೆ ಅವಳ ಪೂರ್ತಿ ಭಾರ ನನ್ನ ಭುಜದ ಮೇಲಿತ್ತು. ಆಗ ವಾದಕ್ಕಿಳಿದಿದ್ದರೆ ಇಬ್ಬರೂ ಜಾರುತ್ತಿದ್ದೆವು.