ಸದ್ಯಕ್ಕೆ ಅವನ ಹೆಸರಲ್ಲಿ

ಆಸ್ಪತ್ರೆಯಲ್ಲಿ ಆಕೆಯನ್ನು ಎಲ್ಲರೂ ಕರೆಯುವುದು ಸರ್ವರಮ್ಮ ಎಂದು. ಹಾಗೆ ಹೆಸರಿಟ್ಟವನು ಆಕೆಯ ತಮ್ಮನೇ. ಮೇಲಿನ ಮಹಡಿಯ ಮೂಲೆಯಲ್ಲಿ, ಕಡು ಬೇಸಗೆಯಲ್ಲೂ ಶಾಲು ಹೊದ್ದು ಕೂರಬೇಕಾದ ತಣ್ಣನೆಯ ಕೋಣೆಯಲ್ಲಿ, ಆಸ್ಪತ್ರೆಯ ಸರ್ವರುಗಳನ್ನು ಅಕ್ಕ ತಮ್ಮ ಇಬ್ಬರೂ ಸೇರಿ ನೋಡಿಕೊಳ್ಳುತ್ತಿದ್ದರು. ಅಕ್ಕ ನಿಧಾನಿ, ತಮ್ಮ ಪಾದರಸ. ಒಂದು ಅಕ್ಷರ ಬದಲಾಯಿಸಬೇಕಾದರೂ ಅಕ್ಕ ಹತ್ತು ಸಲ ಯೋಚಿಸುವವಳು, ತಮ್ಮ ಎಲ್ಲ ಮಾಡಿ ಮುಗಿಸಿ, "ಅಯ್ಯೋ, ಯೋಚನೆ ಬೇರೆ ಮಾಡ್ಬೇಕಿತ್ತಾ?" ಎನ್ನುವವನು. ಇಬ್ಬರನ್ನೂ ಕಲಸಿ ಮತ್ತೆ ಎರಡು ಪಾಲು ಮಾಡಿದ್ದರೆ ಎರಡು ಒಳ್ಳೆಯ ಮಕ್ಕಳಾಗುತ್ತಿದ್ದವು ಎಂದು ತಾಯಿ ನಗುತ್ತಿದ್ದರು.

ಈಗ ಆ ಕೋಣೆಯಲ್ಲಿ ಆಕೆ ಒಬ್ಬಳೇ. ತಮ್ಮನ ಕುರ್ಚಿಯ ಮೇಲೆ ಹಳೆಯ ಕೇಬಲ್ಲುಗಳ ರಾಶಿ ಇದೆ. ಅದನ್ನು ತೆಗೆದು ಬೇರೆಡೆ ಇಡಲು ಜಾಗ ಇಲ್ಲದೆ ಏನಿಲ್ಲ. ಖಾಲಿ ಕುರ್ಚಿ ನೋಡುವುದಕ್ಕಿಂತ ಇದೇ ವಾಸಿ ಎಂದು ಆಕೆಗೆ ಅನಿಸಿದೆ, ಅಷ್ಟೆ.

ಹೀಗಾದದ್ದು ಕೆಲವು ವರ್ಷಗಳ ಹಿಂದೆ, ಒಂದು ರಜೆಯ ದಿನ. ಆಕೆಯ ಪಾಳಿ. ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯ ತಂತ್ರಾಂಶ ಇದ್ದಕ್ಕಿದ್ದಂತೆ ಮುಷ್ಕರ ಹೂಡಿತು. ತಂತ್ರಾಂಶ ಒಂದು ಯಂತ್ರದಲ್ಲಿ, ರೋಗಿಗಳ ವಿವರವೆಲ್ಲ ಇರುವ ಡೇಟಾಬೇಸ್ ಇನ್ನೊಂದರಲ್ಲಿ. ಇದು ಹೋಗಿ ಅದರ ಬಾಗಿಲು ತಟ್ಟಿದಾಗ ಒಳಗಿನಿಂದ "ಯಾರು?" ಎಂಬ ಪ್ರಶ್ನೆ ಬರುತ್ತದೆ. ಹೇಳಬೇಕಾದ ಹೆಸರು, ಪಾಸ್‌ವರ್ಡ್, ಹೋಗಬೇಕಾದ ವಿಳಾಸ, ಎಲ್ಲ ಸರ್ವರಿನ ಸಂಪರ್ಕ ಸೆಟ್ಟಿಂಗ್‌ನಲ್ಲಿ ಬರೆದಿರುತ್ತದೆ. ಅವತ್ತು ಆ ಹೆಸರಿಗೇ ಬೀಗ ಬಿದ್ದಿತ್ತು. ಬೀಗ ತೆಗೆಯಬೇಕಾದ ಡೇಟಾಬೇಸ್‌ನವನ ಫೋನು ಸಿಗಲಿಲ್ಲ. ಕೆಳಗೆ ಜನ ಕೂಗಾಡುತ್ತಿದ್ದರು. ಆಕೆ ಮನೆಗೆ ಫೋನ್ ಮಾಡಿದಳು.

ತಮ್ಮ ಊಟಕ್ಕೆ ಕೂತಿದ್ದ.

"ಮುಗಿಸ್ಕೊಂಡು ಹೋಗೋ. ಆಸ್ಪತ್ರೆ ಎಲ್ಲಿಗೂ ಓಡಿ ಹೋಗಲ್ಲ," ಎಂದರು ತಾಯಿ.

"ಬಂದು ಮಾಡ್ತೀನಮ್ಮಾ, ಮುಚ್ಚಿಡು."

ಬಂದವನೇ ಬೀಗ ಬಿದ್ದ ಹೆಸರನ್ನು ಅಳಿಸಿ, ಆ ಜಾಗದಲ್ಲಿ ತನ್ನದೇ ಹೆಸರು, ತನ್ನದೇ ಪಾಸ್‌ವರ್ಡ್ ಹಾಕಿದ. ಎಲ್ಲ ಸರಾಗವಾಗಿ ಓಡಿತು. "ಸದ್ಯಕ್ಕೆ ನನ್ನ ಹೆಸರಲ್ಲಿ ನಡೀಲಿ ಅಕ್ಕಾ. ನಾಳೆ ಬದಲಾಯಿಸ್ತೀನಿ," ಎಂದು ಹೇಳಿ ಹೊರಟ. ನಾಳೆ ಎಂದವನ ಮನೆ ಹಾಳು ಎಂದು ಗಾದೆ ಮಾಡಿದವರ ಬಾಯಿಗೆ ಏನು ಹಾಕಬೇಕೋ ನಾನರಿಯೆ. ಮನೆಗೆ ಮರಳುವ ದಾರಿಯಲ್ಲಿ ಲಾರಿಯೊಂದು ಅವನ ಗಾಡಿಗೆ ಬಡಿಯಿತು. ಮುಚ್ಚಿಟ್ಟ ತಟ್ಟೆಯನ್ನು ಮಾರನೆಯ ದಿನ ತೆಗೆದವರು ನೆರೆಮನೆಯವರು. ಅಂದಿನಿಂದ ತಾಯಿ ಮಧ್ಯಾಹ್ನದ ಊಟಕ್ಕೆ ಕೂತದ್ದೇ ಇಲ್ಲ. ಒಲೆಯ ಪಕ್ಕ ನಿಂತೇ ಎರಡು ತುತ್ತು ಬಾಯಿಗೆ ಹಾಕಿಕೊಂಡು, ಆಯಿತು ಎನ್ನುತ್ತಿದ್ದರು.

ಆದರೆ ಆಸ್ಪತ್ರೆ ಅವನ ಹೆಸರಿನಲ್ಲೇ ಓಡುತ್ತಿತ್ತು. ನೌಕರರ ವಿಭಾಗದವರು ಸತ್ತವನ ಖಾತೆ ಎಂದು ಅದನ್ನು ಒಮ್ಮೆ ಮುಚ್ಚಿದರು. ಮುಚ್ಚಿದ್ದೇ ತಡ, ಇಡೀ ಆಸ್ಪತ್ರೆ ನಿಂತುಹೋಯಿತು. ಎದ್ದೆವೋ ಬಿದ್ದೆವೋ ಎಂದು ಮತ್ತೆ ತೆರೆದರು. ಬದುಕಿದ್ದಾಗ ಬಡ್ತಿ ಕೊಡದವರು ಸತ್ತ ಮೇಲೆ ಮರುನೇಮಕ ಮಾಡಿಕೊಂಡರು. ಆಮೇಲೆ ಅದರ ತಂಟೆಗೆ ಯಾರೂ ಹೋಗಲಿಲ್ಲ.

ಕೆಳಗಿನ ಹಾಲ್‌ನಲ್ಲಿ ಸರದಿಯ ಸಂಖ್ಯೆ ತೋರಿಸುವ ದೊಡ್ಡ ಪರದೆ ಇದೆ. ಅದರ ತಳದಲ್ಲಿ, ಡೇಟಾಬೇಸ್‌ಗೆ ಯಾರ ಹೆಸರಿನಲ್ಲಿ ಸಂಪರ್ಕವಾಗಿದೆ ಎಂದು ತೋರಿಸುವ ಒಂದು ಸಾಲು. ಪರೀಕ್ಷೆಗೆಂದು ತಮ್ಮನೇ ಹಾಕಿದ್ದು, ತೆಗೆಯಲು ಮರೆತದ್ದು. ಅಲ್ಲಿ ಅವನ ಹೆಸರು ಬೆಳಗಿನಿಂದ ರಾತ್ರಿಯವರೆಗೆ ಇರುತ್ತಿತ್ತು. ಯಾರೂ ಅದನ್ನು ಓದುತ್ತಿರಲಿಲ್ಲ, ತಾಯಿಯೊಬ್ಬರ ಹೊರತು. ಮಂಡಿನೋವಿನ ವ್ಯಾಯಾಮಕ್ಕೆಂದು ವಾರಕ್ಕೊಮ್ಮೆ ಬರುವ ಅವರು, ಹಾಲ್‌ನಲ್ಲಿ ಎಷ್ಟೇ ಕುರ್ಚಿ ಖಾಲಿ ಇರಲಿ, ಕಂಬದ ಪಕ್ಕದ ಒಂದರಲ್ಲೇ, ಪರದೆಗೆ ಎದುರಾಗಿ ಕೂರುತ್ತಿದ್ದರು. ಕಣ್ಣು ಕದಲಿಸುತ್ತಿರಲಿಲ್ಲ. ಮಗಳು ಅದನ್ನು ಗಮನಿಸಿದಳು. ಅಮ್ಮನಿಗೆ ಮಗ ಉಳಿದಿರುವುದು ಅಲ್ಲೊಂದೇ ಕಡೆ, ಅದನ್ನು ನನ್ನ ಕೈಯಿಂದ ಅಳಿಸಲಾರೆ ಎಂದು ಆಕೆ ನಿಶ್ಚಯಿಸಿಬಿಟ್ಟಳು.

ಹಾಗಾಗಿ ಹಳೆಯ ಸರ್ವರ್ ಬದಲಿಸುವ ಮಾತು ಬಂದಾಗಲೆಲ್ಲ ತಪ್ಪಿಸಿಕೊಂಡಳು. ಆಡು ಮುಟ್ಟದ ಸೊಪ್ಪಿಲ್ಲ, ಸರ್ವರಮ್ಮ ಹೇಳದ ನೆಪವಿಲ್ಲ. ಒಮ್ಮೆ ಡಿಸ್ಕ್ ಸಾಲದು, ಒಮ್ಮೆ ವಿದ್ಯುತ್ ಸರಿಯಿಲ್ಲ, ಒಮ್ಮೆ ತನಗೇ ಜ್ವರ. ಆಕೆಯ ಮೇಲಧಿಕಾರಿಗೆ ಎಲ್ಲರೂ ಗಡುವು ಸಾಹೇಬರು ಎನ್ನುತ್ತಿದ್ದರು. ಅವರು ನಮಸ್ಕಾರ ಹೇಳುವಾಗಲೂ ಯಾವಾಗಿನೊಳಗೆ ಎಂದು ಸೇರಿಸುವವರು. ಕೊನೆಗೆ ಅವರೂ ರೋಸಿಹೋದರು. "ಆ ಸರ್ವರ್ ಮಾಡಿದ ಕಂಪನಿಯೇ ಅದರ ಕೈ ಬಿಟ್ಟಾಯ್ತು. ನಾಳೆ ಯಾರಾದ್ರೂ ಒಳಗೆ ನುಗ್ಗಿ ರೋಗಿಗಳ ಗುಟ್ಟೆಲ್ಲ ಹೊತ್ಕೊಂಡು ಹೋದ್ರೆ ಜವಾಬ್ದಾರಿ ನಿಮ್ದಾ? ಈ ವಾರ ಮುಗೀಬೇಕು. ಸಂಪರ್ಕಕ್ಕೆ ಯಾವ ಮನುಷ್ಯನ ಹೆಸರೂ ಬೇಡ, ತಂತ್ರಾಂಶಕ್ಕೇ ಅಂತ ಒಂದು ಹೆಸರು ಮಾಡಿಸಿ."

ಅಧಿಕಾರಿ ಹೇಳಿದ್ದು ಸರಿ ಎಂದು ಆಕೆಗೂ ಗೊತ್ತಿತ್ತು. ಗೊತ್ತಿದ್ದರೇನು, ಮನಸ್ಸು ಕೇಳಬೇಕಲ್ಲ.

ಸರ್ವರ್ ಬದಲಿಸುವ ದಿನ ಬೆಳಗ್ಗೆ ಪರದೆ ಆರಿಸಿ, ಹಾಲ್‌ನಲ್ಲಿ ಕೈಬರಹದ ಚೀಟಿ ಹಂಚಿದರು. ಆಕೆ ಹೊಸ ಸರ್ವರ್ ಎಬ್ಬಿಸಿ, ಹಳೆಯದರ ಸೆಟ್ಟಿಂಗ್‌ಗಳನ್ನು ಅದಕ್ಕೆ ಸಾಗಿಸಿದಳು. ವಿಳಾಸ ಬಂತು, ಡೇಟಾಬೇಸ್‌ನ ಹೆಸರು ಬಂತು, ಒಟ್ಟಿಗೆ ಎಷ್ಟು ಸಂಪರ್ಕ ಇರಬಹುದೆಂಬ ಮಿತಿ ಬಂತು, ತಮ್ಮನ ಹೆಸರೂ ಬಂತು. ಪಾಸ್‌ವರ್ಡ್‌ನ ಜಾಗ ಮಾತ್ರ ಖಾಲಿ. ಅದನ್ನು ಹಳೆಯ ಸರ್ವರ್ ತನ್ನದೇ ಕೀಲಿಯಿಂದ ಮುಚ್ಚಿಟ್ಟುಕೊಂಡಿತ್ತು, ಹೊಸದಕ್ಕೆ ಅದು ಅರ್ಥವಾಗುವಂಥದ್ದಲ್ಲ. ಸಂಪರ್ಕ ಪರೀಕ್ಷಿಸುವ ಗುಂಡಿ ಒತ್ತಿದಳು. ನಿರಾಕರಿಸಲಾಗಿದೆ ಎಂದು ಕೆಂಪಕ್ಷರ ಬಂತು.

ಡೇಟಾಬೇಸ್‌ನವನಿಗೆ ಫೋನ್ ಮಾಡಿದಳು.

"ಹೊಸ ಹೆಸರು ನಿನ್ನೇನೇ ಮಾಡಿಟ್ಟಿದ್ದೀನಿ ಅಕ್ಕಾ. ಅದನ್ನ ಹಾಕಿ, ಆಗುತ್ತೆ," ಎಂದ ಅವನು.

"ಹಳೇ ಹೆಸರಿಗೇ ಹೊಸ ಪಾಸ್‌ವರ್ಡ್ ಕೊಡೋಕಾಗಲ್ವಾ?"

ತಮ್ಮನ ಗೆಳೆಯನೇ ಅವನು. "ಸಾಹೇಬ್ರು ಬೇಡ ಅಂದಿದ್ರಲ್ಲಕ್ಕಾ..."

"ಸದ್ಯಕ್ಕೆ ಅದೇ ಇರಲಿ ಕಣೋ. ನಾಳೆ ಬದಲಾಯಿಸ್ತೀನಿ."

ಬಾಯಿಂದ ಮಾತು ಹೊರಬಿದ್ದ ಮೇಲೆ ಅದು ಯಾರ ಮಾತೆಂದು ಆಕೆಗೆ ಹೊಳೆಯಿತು. ಆದರೂ ಅವನು ಕೊಟ್ಟ ಪಾಸ್‌ವರ್ಡನ್ನು ತುಂಬಿದಳು. ಗುಂಡಿ ಒತ್ತಿದಾಗ ಹಸಿರು ಬಂತು. ಸರ್ವರ್ ಏಳಲು ಕೆಲವು ನಿಮಿಷ ಬೇಕು. ಅಷ್ಟರಲ್ಲಿ ಕೆಳಗೆ ಹೋಗಿ ಅಮ್ಮನ ಮುಖ ನೋಡಿ ಬರುತ್ತೇನೆ ಎಂದು ಮೆಟ್ಟಿಲಿಳಿದಳು. ಅವತ್ತು ತಾಯಿಯ ವ್ಯಾಯಾಮದ ದಿನ.

ಹಾಲ್‌ನಲ್ಲಿ ಪರದೆ ಇನ್ನೂ ಕಪ್ಪಗಿತ್ತು. ತಾಯಿ ಅದೇ ಕುರ್ಚಿಯಲ್ಲಿದ್ದರು, ಆದರೆ ಪಕ್ಕದಲ್ಲಿದ್ದ ಹೆಂಗಸಿನ ಕಡೆ ತಿರುಗಿ ಕೂತು ಏನೋ ಹರಟುತ್ತಿದ್ದರು. ನಕ್ಕರು ಕೂಡ. ಅಮ್ಮ ಹೀಗೆ ನಕ್ಕದ್ದನ್ನು ಕೊನೆಗೆ ಯಾವಾಗ ನೋಡಿದ್ದೆ ಎಂದು ಆಕೆಗೆ ನೆನಪಾಗಲಿಲ್ಲ. ಅಷ್ಟರಲ್ಲಿ ಪರದೆ ಬೆಳಗಿತು. ಮೇಲೆ ಸಂಖ್ಯೆಗಳು, ತಳದಲ್ಲಿ ಅವನ ಹೆಸರು.

ತಾಯಿಯ ಮಾತು ಅರ್ಧಕ್ಕೇ ನಿಂತಿತು. ಅಂಗೈಯಿಂದ ಬಾಯಿ ಮುಚ್ಚಿಕೊಂಡರು. ಆಕೆ ಓಡಿಹೋಗಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು.

"ಏನಾಯ್ತಮ್ಮಾ? ನೋವಾ?"

"ಕೆಟ್ಟುಹೋಗಿತ್ತಲ್ಲ ಅದು. ಅಂತೂ ಇವತ್ತು ಬಿಟ್ರು ಅಂದ್ಕೊಂಡೆ."

"ಯಾರನ್ನ?"

"ನಿನ್ನ ತಮ್ಮನ್ನ! ಅರ್ಧ ಊಟಕ್ಕೆ ಎದ್ದು ಬಂದೋನು. ಸತ್ತಮೇಲೂ ದುಡಿಸ್ಕೊಳ್ತಿದ್ದೀರಲ್ಲೇ ಅವನನ್ನ. ಇನ್ನೂ ಮನೆಗೆ ಕಳಿಸಿಲ್ವಲ್ಲೇ."

"ನಿಂಗೆ ಅದು ನೋಡೋಕೆ ಬೇಕು ಅಂತ... ಅದಕ್ಕೇ ಇಲ್ಲಿ ಕೂರ್ತೀಯ ಅಂತ..."

"ಅವನೊಬ್ಬನೇ ಅಲ್ಲಿ ಕೆಲಸ ಮಾಡ್ತಿರೋವಾಗ ನಾನು ಬೆನ್ನು ತಿರುಗಿಸಿ ಕೂರ್ಲಾ? ನೋಡೋಕಾಗಲ್ಲ. ನೋಡದೆ ಇರೋಕೂ ಆಗಲ್ಲ. ತೆಗೆಸು ಅಂತ ಎಷ್ಟೋ ಸಲ ಬಾಯಿಗೆ ಬಂದಿತ್ತು. ನಿನಗೆ ಬೇಕೇನೋ ಅಂದ್ಕೊಂಡೆ. ನೀನೇ ಫೋನ್ ಮಾಡಿ ಕರೆದೋಳು ಅಂತ ನಿನ್ನ ಜೀವ ನಿನ್ನನ್ನ ತಿಂತಿದೆಯಲ್ಲ, ಅದಕ್ಕೆ ಅದಾದ್ರೂ ಇರಲಿ ಅಂತ ಸುಮ್ನಿದ್ದೆ."

ಇಷ್ಟು ವರ್ಷ ಒಂದೇ ಮನೆಯಲ್ಲಿ, ಒಂದೇ ಒಲೆಯ ಎದುರು, ಇವಳಿಗೆ ನೋವಾದೀತೆಂದು ಅವರು, ಅವರಿಗೆ ನೋವಾದೀತೆಂದು ಇವಳು. ಬಾಯಿಬಿಟ್ಟು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ ಇಬ್ಬರೂ.

ಆಕೆ ಮೇಲೆ ಹೋದಳು. ಸಂಪರ್ಕ ಸೆಟ್ಟಿಂಗ್ ತೆರೆದಳು. ತಮ್ಮನ ಹೆಸರನ್ನು ಒಂದೇ ಏಟಿಗೆ ಅಳಿಸಬಹುದಿತ್ತು, ಆಗಲಿಲ್ಲ. ಕೊನೆಯಿಂದ ಒಂದೊಂದೇ ಅಕ್ಷರ ಅಳಿಸಿದಳು. ಮೊದಲ ಅಕ್ಷರ ಉಳಿದಾಗ, "ಮನೆಗೆ ಹೋಗೋ, ಆಯ್ತು," ಎಂದು ಜೋರಾಗಿಯೇ ಹೇಳಿದಳು. ಆ ತಣ್ಣನೆಯ ಕೋಣೆಯಲ್ಲಿ ಕೇಳುವವರು ಯಾರೂ ಇರಲಿಲ್ಲ. ತಂತ್ರಾಂಶದ ಹೊಸ ಹೆಸರು ಹಾಕಿ, ಗುಂಡಿ ಒತ್ತಿ, ಹಸಿರು ಬಂದದ್ದನ್ನು ನೋಡಿ, ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಅವನು ಸತ್ತ ದಿನ ಅಳಲಾಗದೆ ಉಳಿದದ್ದನ್ನೂ ಸೇರಿಸಿ ಅತ್ತಳು.

ಮಧ್ಯಾಹ್ನ ತಾಯಿಯ ಕೈ ಹಿಡಿದು ಮನೆಗೆ ಕರೆತಂದಳು. ತಾಯಿ ಅಡುಗೆಮನೆಯಲ್ಲಿ ಎರಡು ತಟ್ಟೆ ಹಾಕಿದರು. ಮಗಳಿಗೆ ಬಡಿಸಿ, ತಮಗೂ ಬಡಿಸಿಕೊಂಡು, ಮಂಡಿ ಹಿಡಿದುಕೊಂಡು ಮೆಲ್ಲಗೆ ಎದುರಿಗೆ ಕೂತರು. ಆಕೆ ಮೊದಲ ತುತ್ತು ಕಲಸಿ ಬಾಯಿಗಿಟ್ಟಳು.

ಆಗ ಫೋನು ಹೊಡೆದುಕೊಂಡಿತು. ಗಡುವು ಸಾಹೇಬರು. ಹೊಸ ಸರ್ವರಿಗೆ ಏನಾಯಿತೋ, ಹಾಲ್‌ನಲ್ಲಿ ಯಾರು ಕೂಗಾಡುತ್ತಿದ್ದಾರೋ. ತಾಯಿಯ ಕೈ ತಟ್ಟೆಯ ಮೇಲೆ ಹಾಗೇ ನಿಂತಿತು. ಅವರು ಫೋನನ್ನು ನೋಡಲಿಲ್ಲ, ಮಗಳ ಎಂಜಲುಗೈಯನ್ನು ನೋಡುತ್ತಿದ್ದರು.

ಆಕೆ ಏಳಲಿಲ್ಲ. ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು.

"ಇನ್ನೊಂಚೂರು ಹಾಕ್ಲಾ?" ಎಂದು ಕೇಳಿದರು ತಾಯಿ.

"ಹಾಕಮ್ಮಾ," ಎಂದಳು ಆಕೆ.